ಒಂಬತ್ತು ಲಕ್ಷಕ್ಕೆ ಆಫ್ರಿಕಾ ಸಫಾರಿ: ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಕೈ ಬಿಚ್ಚಬೇಕು

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಾನು, ನನ್ನ ಪತಿ, 13 ವರ್ಷದ ಮಗಳು ಮತ್ತು 66 ವರ್ಷದ ಅತ್ತೆ, ಹೀಗೆ ನಾಲ್ವರು ಆಫ್ರಿಕಾದ ವನ್ಯಜೀವಿ ಸಫಾರಿಗೆ ಹೋಗಬೇಕೆಂದಿದ್ದೇವೆ. ಮಗಳ ಶಾಲೆಯ ರಜೆಯಲ್ಲೇ ಹೋಗಬೇಕು. ಒಟ್ಟು 9 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಒಂದು ಏಜೆನ್ಸಿ ಕೆನ್ಯಾ, ಟಾಂಜಾನಿಯಾ ಎರಡೂ ಸೇರಿ ಹತ್ತು ದಿನಕ್ಕೆ ತಲೆಗೆ 4.25 ಲಕ್ಷ ಕೇಳುತ್ತಿದೆ. ಇನ್ನೊಂದು ಏಜೆನ್ಸಿ ಕೆನ್ಯಾ ಮಾತ್ರ, ಏಳು ದಿನ, ವಿಮಾನ ಟಿಕೆಟ್ ಬಿಟ್ಟು ತಲೆಗೆ 95 ಸಾವಿರ ಎನ್ನುತ್ತಿದೆ. ಇಷ್ಟು ಅಂತರ ಏಕೆ? ನಮ್ಮ ಹಣದಲ್ಲಿ ಇದು ಆಗುವ ಮಾತೇ?

ಉತ್ತರ: ಆಗುತ್ತದೆ, ಕೆನ್ಯಾ ಒಂದನ್ನೇ ಇಟ್ಟುಕೊಂಡರೆ. ಅದರಲ್ಲೂ ನಾಲ್ಕಾರು ಉದ್ಯಾನಗಳನ್ನು ಸುತ್ತುವ ಆಸೆ ಬಿಟ್ಟು ಮಸಾಯಿ ಮಾರಾದಲ್ಲಿ ಮೂರು ರಾತ್ರಿ ನೆಲೆಯೂರಿದರೆ. ಆಫ್ರಿಕಾ ಸಫಾರಿಯಲ್ಲಿ ಹಣ ಕರಗುವುದು ಐಷಾರಾಮಕ್ಕಿಂತ ಹೆಚ್ಚಾಗಿ ಓಡಾಟಕ್ಕೆ. ಪಟ್ಟಿಗೆ ಒಂದು ಉದ್ಯಾನ ಸೇರಿಸಿದಿರಿ ಎಂದರೆ ಒಂದು ಹೊಸ ಪ್ರವೇಶ ಶುಲ್ಕ, ಒಂದು ದಿನದ ವಾಹನ ಬಾಡಿಗೆ, ಅರ್ಧ ದಿನ ಹೆದ್ದಾರಿಯ ಧೂಳು, ಇಷ್ಟೂ ಜೊತೆಗೆ ಬರುತ್ತವೆ. ಕಾಣುವ ಪ್ರಾಣಿಗಳು ಮಾತ್ರ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಕಬಿನಿ, ಬಂಡೀಪುರದ ರೂಢಿಯಲ್ಲಿ ಯೋಚಿಸಿದರೆ ಈ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ. ಇಲ್ಲಿ ನಾವು ವಾಹನದ ಒಂದು ಸೀಟಿಗೆ, ಬೆಳಗಿನದೋ ಸಂಜೆಯದೋ ಒಂದು ಸುತ್ತಿಗೆ ಹಣ ಕಟ್ಟುತ್ತೇವೆ. ಕೆನ್ಯಾದಲ್ಲಿ ಮೂರು ಬೇರೆ ಬೇರೆ ಲೆಕ್ಕಗಳು ದಿನವೂ ಓಡುತ್ತಿರುತ್ತವೆ. ಉದ್ಯಾನಕ್ಕೆ ತಲೆಗೆ ಇಷ್ಟು, ವಾಹನಕ್ಕೆ ದಿನಕ್ಕೆ ಇಷ್ಟು, ಹಾಸಿಗೆಗೆ ರಾತ್ರಿಗೆ ಇಷ್ಟು. ಮೊದಲನೆಯದರಲ್ಲಿ ಚೌಕಾಸಿಗೆ ಎಡೆಯೇ ಇಲ್ಲ. ಎರಡನೆಯದು ವಾಹನದಲ್ಲಿ ಎಷ್ಟು ಜನ ಕೂರುತ್ತೀರಿ ಎಂಬುದರ ಮೇಲೆ ಹಂಚಿಹೋಗುತ್ತದೆ. ನಾಲ್ವರಿರುವುದು ನಿಮ್ಮ ಪುಣ್ಯ, ಇಬ್ಬರೇ ಹೋದವರಿಗೂ ಬಾಡಿಗೆ ಅಷ್ಟೇ ಬೀಳುತ್ತದೆ. ನಿಜವಾಗಿ ನಿಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ.

ಮೊದಲನೆಯದರಿಂದಲೇ ಆರಂಭಿಸೋಣ, ಏಕೆಂದರೆ ಜನ ಎಡವುವುದು ಅಲ್ಲೇ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶವು ನರೋಕ್ ಕೌಂಟಿ ಆಡಳಿತಕ್ಕೆ ಸೇರಿದ್ದು, ಕೆನ್ಯಾ ವನ್ಯಜೀವಿ ಇಲಾಖೆಗಲ್ಲ. 2024ರಿಂದ ಅಲ್ಲಿ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 9ರಿಂದ 17 ವರ್ಷದವರಿಗೆ 50 ಡಾಲರ್. ಈ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ ಹನ್ನೆರಡು ಗಂಟೆಗೆ ಮಾತ್ರ. ಹಿಂದಿನಂತೆ ಇಪ್ಪತ್ನಾಲ್ಕು ಗಂಟೆಗಲ್ಲ.

ಇದರ ಬಿಸಿ ಎಲ್ಲಿ ತಟ್ಟುತ್ತದೆ ನೋಡಿ. ಸಾಮಾನ್ಯ ಪ್ಯಾಕೇಜಿನಲ್ಲಿ ಬೆಳಿಗ್ಗೆ ನೈರೋಬಿ ಬಿಟ್ಟು, ಮಧ್ಯಾಹ್ನ ಕ್ಯಾಂಪಿನಲ್ಲಿ ಊಟ ಮಾಡಿ, ಮೂರೂವರೆಗೆ ‘ಸಂಜೆಯ ಸಫಾರಿ’ ಎಂದು ಹೊರಡಿಸುತ್ತಾರೆ. ಆರಕ್ಕೆ ದ್ವಾರದ ಹೊರಗಿರಬೇಕು. ಆ ಎರಡೂವರೆ ಗಂಟೆಗೆ ನಿಮ್ಮ ಕುಟುಂಬ ಜುಲೈ ನಂತರದ ದರದಲ್ಲಿ ಕಟ್ಟುವುದು 650 ಡಾಲರ್. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 58,500 ರೂಪಾಯಿ. ನನ್ನನ್ನು ಕೇಳಿದರೆ ಬಂದ ದಿನ ಒಳಗೆ ಹೋಗಲೇಬೇಡಿ. ದ್ವಾರದ ಹೊರಗಿನ ಕ್ಯಾಂಪಿನಲ್ಲಿ ಇಳಿದುಕೊಂಡು ಚಹಾ ಕುಡಿದು ಬೇಗ ಮಲಗಿ. ಮರುದಿನ ಬುತ್ತಿ ಕಟ್ಟಿಸಿಕೊಂಡು ಆರಕ್ಕೆ ದ್ವಾರದಲ್ಲಿ ನಿಂತು, ಹನ್ನೆರಡು ಗಂಟೆಯನ್ನೂ ದುಡಿಸಿಕೊಳ್ಳಿ. ಮೂರು ರಾತ್ರಿ ಉಳಿದು ಎರಡು ಪೂರ್ಣ ದಿನ ಒಳಗಿದ್ದರೆ 1,300 ಡಾಲರ್. ಅದೇ ಮೂರು ರಾತ್ರಿಗೆ ಸಾಮಾನ್ಯ ಪ್ಯಾಕೇಜಿನಲ್ಲಿ 1,950 ಡಾಲರ್ ಹೋಗುತ್ತದೆ.

ಸೆಕೆನಾನಿ, ತಲೆಕ್, ಓಲೂಲೈಮುಟಿಯೆಕ್ ದ್ವಾರಗಳ ಆಸುಪಾಸಿನಲ್ಲಿ ಮಧ್ಯಮ ದರದ ಕ್ಯಾಂಪುಗಳು ಬೇಕಾದಷ್ಟಿವೆ. ಮೀಸಲು ಪ್ರದೇಶದ ಒಳಗಿನ ಲಾಡ್ಜ್ ಎಂದರೆ ರಾತ್ರಿ ಹಯೆನಾ ಕೂಗುವುದು ಕೇಳುತ್ತದೆ ಎನ್ನುತ್ತಾರೆ. ಹೊರಗಿನ ಕ್ಯಾಂಪಿನಲ್ಲೂ ಕೇಳುತ್ತದೆ. ಬೇಲಿ ಮನುಷ್ಯರ ನಕ್ಷೆಯಲ್ಲಷ್ಟೇ ಇದೆ.

ಈಗ ತಿಂಗಳ ಪ್ರಶ್ನೆ. ಕರ್ನಾಟಕದ ಶಾಲಾ ರಜೆಗೂ ಮಾರಾದ ಹವಾಮಾನಕ್ಕೂ ಅಷ್ಟಾಗಿ ಹೊಂದಿಕೆಯಿಲ್ಲ. ಬೇಸಿಗೆ ರಜೆ ಇರುವ ಏಪ್ರಿಲ್, ಮೇ ಅಲ್ಲಿ ದೊಡ್ಡ ಮಳೆಯ ಕಾಲ. ಪ್ರವೇಶ ಶುಲ್ಕ ಅರ್ಧ, ಕ್ಯಾಂಪುಗಳ ದರವೂ ಇಳಿದಿರುತ್ತದೆ, ವಾಹನಗಳ ಜಾತ್ರೆ ಇರುವುದಿಲ್ಲ. ಆದರೆ ಮಾರಾದ ಬಹುಪಾಲು ನೆಲ ಕಪ್ಪು ಎರೆಮಣ್ಣು. ಮಳೆ ಬಿದ್ದ ಎರೆಹೊಲದಲ್ಲಿ ಚಕ್ಕಡಿ ಹೂತು ಎತ್ತುಗಳು ಕೊಸರಾಡುವುದನ್ನು ನವಲಗುಂದದ ಕಡೆಯವರಿಗೆ ನಾನು ವಿವರಿಸಬೇಕಿಲ್ಲ. ಅಲ್ಲಿ ಚಕ್ಕಡಿಯ ಜಾಗದಲ್ಲಿ ಎರಡೂವರೆ ಟನ್ನಿನ ಲ್ಯಾಂಡ್ ಕ್ರೂಸರ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಹುಲ್ಲು ಎದೆಮಟ್ಟ ಬೆಳೆದಿರುವಾಗ ಸಿಂಹ ಹತ್ತು ಅಡಿ ದೂರದಲ್ಲಿ ಮಲಗಿದ್ದರೂ ಕಿವಿಯ ತುದಿ ಮಾತ್ರ ಕಾಣುವುದುಂಟು.

ದಸರಾ ರಜೆ ಬೇರೆ. ಟಾಂಜಾನಿಯಾದ ಸೆರೆಂಗೆಟಿ ಉದ್ಯಾನದಿಂದ ಹೊರಟ, ಹುಲ್ಲೆಯ ಜಾತಿಗೆ ಸೇರಿದ ವೈಲ್ಡ್‌ಬೀಸ್ಟ್ ಹಿಂಡುಗಳು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾದ ಕಡೆ ಇರುತ್ತವೆ. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್, ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾ. ನದಿ ದಾಟುವ ಅಬ್ಬರ ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನದು. ಅಕ್ಟೋಬರಿನಲ್ಲಿ ಹಿಂಡುಗಳು ದಕ್ಷಿಣಕ್ಕೆ ಮರಳುವ ದಾರಿಯಲ್ಲಿರುತ್ತವೆ. ಆ ಹೊತ್ತಿಗೆ ಹುಲ್ಲನ್ನು ಮೇದು ನೆಲಕ್ಕೆ ತಂದಿರುತ್ತವೆ, ಹಾಗಾಗಿ ಚಿರತೆ, ಚೀತಾ, ಸಿಂಹ ಕಣ್ಣಿಗೆ ಬೀಳುವುದು ಸುಲಭ. ಶುಲ್ಕದಲ್ಲಿ ಎರಡು ದಿನಕ್ಕೆ 600 ಡಾಲರ್ ಹೆಚ್ಚು ಬೀಳುತ್ತದೆ, ಸುಮಾರು 54,000 ರೂಪಾಯಿ. ನಿಮ್ಮ 9 ಲಕ್ಷದಲ್ಲಿ ಅದು ಹಿಡಿಸುತ್ತದೆ. 66 ವರ್ಷದ ಅತ್ತೆಯವರನ್ನು ಕೆಸರಿನಲ್ಲಿ ಹೂತ ವಾಹನದಲ್ಲಿ ಎರಡು ಗಂಟೆ ಕೂರಿಸುವುದಕ್ಕಿಂತ ಆ ಹಣ ಕೊಡುವುದೇ ಲೇಸು. ದಸರಾ ಎಂದೇ ನಿರ್ಧರಿಸಿ. ಮಗಳದು ಸಿಬಿಎಸ್‌ಇ ಶಾಲೆಯಾದರೆ ರಜೆ ಮೊಟಕಾಗಿರಬಹುದು, ಮೊದಲು ಶಾಲೆಯ ಕ್ಯಾಲೆಂಡರ್ ನೋಡಿಕೊಳ್ಳಿ. ಕ್ರಿಸ್ಮಸ್ ರಜೆಯ ಯೋಚನೆ ಬೇಡ. ಶುಲ್ಕ ದುಬಾರಿಯದೇ, ಕ್ಯಾಂಪುಗಳು ಹಬ್ಬದ ದರವನ್ನೂ ಸೇರಿಸುತ್ತವೆ, ಹಿಂಡುಗಳೋ ಟಾಂಜಾನಿಯಾ ಸೇರಿರುತ್ತವೆ.

ಟಾಂಜಾನಿಯಾ ಏಕೆ ಬೇಡ ಎಂದೆ? ಚೆಲುವಿನಲ್ಲಿ ಕಡಿಮೆ ಎಂದಲ್ಲ. ಸೆರೆಂಗೆಟಿ 14,763 ಚದರ ಕಿಲೋಮೀಟರ್ ಹರಡಿದೆ, ಮಾರಾ ಅದರ ಮುಂದೆ ಅಂಗಳ. ಆದರೆ ನಿಮ್ಮ ಜೇಬಿನ ದೃಷ್ಟಿಯಿಂದ ನೋಡಿ. ಸೆರೆಂಗೆಟಿಗೆ ಪ್ರವಾಸಿಗರು ಹೆಚ್ಚಿರುವ ಋತುವಿನಲ್ಲಿ ವಯಸ್ಕರಿಗೆ ದಿನಕ್ಕೆ 70 ಡಾಲರ್, ಅದರ ಮೇಲೆ ಶೇ 18 ವ್ಯಾಟ್. ಒಳಗೆ ಉಳಿದರೆ ರಾತ್ರಿಗೆ ಬೇರೆ ಶುಲ್ಕ. ಗೊರೊಂಗೊರೊಗೆ ತಲೆಗೆ 60 ಡಾಲರ್ ಮತ್ತು ವ್ಯಾಟ್. ಆ ಜ್ವಾಲಾಮುಖಿ ಕುಳಿಯೊಳಗೆ ವಾಹನ ಇಳಿಸಲು ಪ್ರತಿ ಸಲ 250 ಡಾಲರ್ ಮತ್ತು ವ್ಯಾಟ್, ಅಂದರೆ 295 ಡಾಲರ್. ಇವೆಲ್ಲ ಊಟ, ಹಾಸಿಗೆ, ಡೀಸೆಲ್‌ಗೆ ಮೊದಲಿನ ಮಾತು. ವೀಸಾ ಬೇರೆ, ತಲೆಗೆ 50 ಡಾಲರ್. ಮಾರಾ ಮತ್ತು ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿದ್ದರೂ ಪ್ರವಾಸಿ ವಾಹನಗಳು ನಡುವೆ ನೇರವಾಗಿ ದಾಟುವಂತಿಲ್ಲ. ಇಸೆಬಾನಿಯಾ ಇಲ್ಲವೇ ನಮಂಗಾ ಗಡಿಠಾಣೆಗೆ ಸುತ್ತಿ ಬಂದು, ಕೆನ್ಯಾದ ವಾಹನ ಇಳಿದು, ಟಾಂಜಾನಿಯಾದ ವಾಹನ ಹತ್ತಬೇಕು. ಇಡೀ ಒಂದು ದಿನ ಅದರಲ್ಲೇ ಹೋಗುತ್ತದೆ. ವೈಲ್ಡ್‌ಬೀಸ್ಟ್‌ಗಳಿಗೆ ಮಾತ್ರ ಪಾಸ್‌ಪೋರ್ಟ್ ಬೇಡ.

ಹೀಗಾಗಿ ತಲೆಗೆ 4.25 ಲಕ್ಷ ಎಂದವರು ಮೋಸ ಮಾಡುತ್ತಿದ್ದಾರೆ ಎನ್ನಲಾರೆ. ಎರಡು ದೇಶ, ಎರಡು ವಾಹನ, ಒಳಗಿನ ಲಾಡ್ಜ್, ವಿಮಾನ ಎಲ್ಲ ಸೇರಿದರೆ ಅಷ್ಟಾಗುವುದು ಸಹಜ. ನನಗೆ ಅನುಮಾನ ಬರುವುದು 95 ಸಾವಿರದ ದರದ ಮೇಲೆ. ನಾಲ್ವರಿಗೆ 3.8 ಲಕ್ಷ; ಅದರಲ್ಲಿ ಸಣ್ಣ ಅಕ್ಷರದಲ್ಲಿ ‘ಉದ್ಯಾನ ಶುಲ್ಕ ಪ್ರತ್ಯೇಕ’ ಎಂದು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಒಂದರಿಂದ ಎರಡು ಲಕ್ಷ ಅಲ್ಲೇ ಸೇರಿಸಿಕೊಳ್ಳಿ. ಶುಲ್ಕ ಸೇರಿದೆ ಎಂದರೆ ಎಷ್ಟು ದಿನದ್ದು, ಯಾವ ದರದಲ್ಲಿ ಎಂದು ಬರಹದಲ್ಲಿ ಕೇಳಿ. ಹಳೆಯ ದರದ ಮೇಲೆ ಪಟ್ಟಿ ಮಾಡಿ ನೈರೋಬಿಯಲ್ಲಿ ವ್ಯತ್ಯಾಸ ವಸೂಲು ಮಾಡುವವರಿದ್ದಾರೆ. ‘ಸಫಾರಿ ವಾಹನ’ ಎಂದರೆ ಮಿನಿ ವ್ಯಾನೋ ಲ್ಯಾಂಡ್ ಕ್ರೂಸರೋ, ನಿಮ್ಮ ಕುಟುಂಬಕ್ಕೆ ಮಾತ್ರವೋ ಬೇರೆಯವರ ಜೊತೆಗೋ, ಎಲ್ಲರಿಗೂ ಕಿಟಕಿ ಸೀಟು ಸಿಗುತ್ತದೆಯೋ ಇಲ್ಲವೋ ಎಂದೂ ಕೇಳಿ. ‘ಏಳು ದಿನ’ದಲ್ಲಿ ವಿಮಾನ ಇಳಿದ ದಿನ, ಹತ್ತುವ ದಿನ ಎರಡೂ ಸೇರಿದ್ದರೆ ಸಫಾರಿಗೆ ಉಳಿಯುವುದು ಐದೇ.

ವಾಹನದ ವಿಷಯದಲ್ಲಿ ನಾನು ಹಟಮಾರಿ. ವ್ಯಾನಿಗೂ ಲ್ಯಾಂಡ್ ಕ್ರೂಸರಿಗೂ ದಿನಕ್ಕೆ ನೂರು ಡಾಲರ್ ಆಸುಪಾಸು ವ್ಯತ್ಯಾಸ ಬರುತ್ತದೆ. ಹಾಸಿಗೆಯಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನೀವಿರುವುದು ಅದರೊಳಗೆ. ಲ್ಯಾಂಡ್ ಕ್ರೂಸರಿನ ಚಾವಣಿ ಪೂರ್ತಿ ಮೇಲೇಳುತ್ತದೆ, ನಾಲ್ವರೂ ಏಕಕಾಲಕ್ಕೆ ಎದ್ದು ನಿಂತು ನಾಲ್ಕು ದಿಕ್ಕಿಗೆ ನೋಡಬಹುದು. ನದಿಯ ದಂಡೆಯ ಇಳಿಜಾರಿನಲ್ಲಿ ವ್ಯಾನ್ ಹಿಂಜರಿಯುವ ಕಡೆ ಇದು ಇಳಿಯುತ್ತದೆ. ವಾಹನಕ್ಕಿಂತಲೂ ಮುಖ್ಯ ಅದನ್ನು ಓಡಿಸುವವರು. ಮೂವತ್ತು ವಾಹನಗಳು ರೇಡಿಯೊದಲ್ಲಿ ‘ಚುಯಿ, ಚುಯಿ’ ಎಂದು ಚಿರತೆಯತ್ತ ಧೂಳೆಬ್ಬಿಸಿ ಓಡುವಾಗ, ಒಳ್ಳೆಯ ಗೈಡ್ ಎಂಜಿನ್ ಆರಿಸಿ ಕುಳಿತು ದೂರದ ‘ಟೋಪಿ’ ಎಂಬ ಹೆಸರಿನ ಜಿಂಕೆ ಯಾವ ಕಡೆ ಮುಖ ಮಾಡಿ ನಿಂತಿದೆ ಎಂದು ನೋಡುತ್ತಾನೆ. ಹುತ್ತದ ಮೇಲೆ ನಿಂತ ಟೋಪಿ ಕದಲದೆ ಒಂದೇ ಕಡೆ ದಿಟ್ಟಿಸುತ್ತಿದ್ದರೆ ಅಲ್ಲಿ ಹುಲ್ಲಿನಲ್ಲಿ ಏನೋ ಇದೆ ಎಂದೇ ಅರ್ಥ. ಕೆನ್ಯಾ ಪ್ರೊಫೆಷನಲ್ ಸಫಾರಿ ಗೈಡ್ಸ್ ಅಸೋಸಿಯೇಷನ್ ಗೈಡುಗಳಿಗೆ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುತ್ತದೆ. ಬೆಳ್ಳಿ ದರ್ಜೆಯವರು ಬೇಕು ಎಂದು ಏಜೆನ್ಸಿಗೆ ಹೇಳಿ. ದಿನಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ಕೊಡಿ.

ಈಗ ನಿಮ್ಮ ಕುಟುಂಬದ ಅಂದಾಜು. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನವಿದೆ, ಸುಮಾರು ಆರು ಗಂಟೆಯ ಹಾದಿ. ಹುಬ್ಬಳ್ಳಿಯವರಿಗೆ ಬೆಂಗಳೂರಿಗೆ ಹೋಗಿ ಆಡಿಸ್ ಅಬಾಬಾ ಅಥವಾ ದುಬೈ ಸುತ್ತುವುದಕ್ಕಿಂತ ಅದೇ ಸರಿ. ಹುಬ್ಬಳ್ಳಿ-ಮುಂಬಯಿ ಪ್ರಯಾಣವೂ ಸೇರಿ ತಲೆಗೆ 50 ಸಾವಿರ ಇಡಿ, ಒಟ್ಟು 2 ಲಕ್ಷ. ಕೆನ್ಯಾಕ್ಕೆ ಈಗ ವೀಸಾ ಇಲ್ಲ, 2024ರಿಂದ ಇಟಿಎ ಎಂಬ ಆನ್‌ಲೈನ್ ಅನುಮತಿ. ತಲೆಗೆ 30 ಡಾಲರ್ ಮತ್ತು ಚಿಲ್ಲರೆ, ನಾಲ್ವರಿಗೆ 12 ಸಾವಿರ. ಅರ್ಜಿಯನ್ನು ಕೆನ್ಯಾ ಸರ್ಕಾರದ ಜಾಲತಾಣದಲ್ಲೇ ಹಾಕಿ, ಹುಡುಕಿದಾಗ ಮೊದಲು ಬರುವ ಜಾಹೀರಾತುಗಳು ಎರಡು ಮೂರು ಪಟ್ಟು ಕೀಳುತ್ತವೆ.

ನೈರೋಬಿಯಲ್ಲಿ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ, ಎರಡು ಕೋಣೆಗೆ ಒಟ್ಟು ಸುಮಾರು 29 ಸಾವಿರ. ನಡುವೆ ನೈವಾಶಾ ಸರೋವರದ ಬಳಿ ಒಂದು ರಾತ್ರಿ, ಊಟ ಸೇರಿ ಅಷ್ಟೇ. ದೋಣಿ ವಿಹಾರ ಇತ್ಯಾದಿಗೆ 13 ಸಾವಿರ. ಅಂಬೋಸೆಲಿ ಉದ್ಯಾನ ಬಿಟ್ಟು ನೈವಾಶಾ ಏಕೆಂದರೆ ಅದು ಮಾರಾ ದಾರಿಗೆ ಹತ್ತಿರ. ಕಿಲಿಮಂಜಾರೊ ಹಿನ್ನೆಲೆಯಲ್ಲಿ ಆನೆಗಳ ಚಿತ್ರ ಚೆಂದವೇ, ಆದರೆ ಅಂಬೋಸೆಲಿ ನೈರೋಬಿಯಿಂದ ಬೇರೆಯದೇ ದಿಕ್ಕು, ಒಂದೂವರೆ ದಿನ ರಸ್ತೆಗೆ ಅರ್ಪಣೆ. ಮಾರಾದಲ್ಲಿ ಮೂರು ರಾತ್ರಿ, ಮೂರು ಹೊತ್ತಿನ ಊಟ ಸಹಿತ, ತಲೆಗೆ 130 ಡಾಲರ್ ಹಿಡಿದರೆ 1.4 ಲಕ್ಷ. ಮಗಳಿಗೆ ರಿಯಾಯಿತಿ ಕೇಳಿ, ಬಹುತೇಕ ಕ್ಯಾಂಪುಗಳು ಕೊಡುತ್ತವೆ. ಲ್ಯಾಂಡ್ ಕ್ರೂಸರ್, ಚಾಲಕ, ಡೀಸೆಲ್ ಸೇರಿ ದಿನಕ್ಕೆ 260 ಡಾಲರಿನಂತೆ ಐದು ದಿನಕ್ಕೆ 1.17 ಲಕ್ಷ. ಮಾರಾ ಶುಲ್ಕ ಎರಡು ದಿನಕ್ಕೆ ಕಾಕತಾಳೀಯವಾಗಿ ಅಷ್ಟೇ, 1.17 ಲಕ್ಷ. ಗೈಡಿಗೆ ಮತ್ತು ಕ್ಯಾಂಪಿನ ಸಿಬ್ಬಂದಿಗೆ ಟಿಪ್ಸ್ 12 ಸಾವಿರ. ಅಲ್ಲಿ ಇದು ಸಂಬಳದ ಭಾಗವಿದ್ದಂತೆ, ಕೊನೆಯ ದಿನ ಕೈ ಮುದುಡಬೇಡಿ. ವಿಮೆ, ಲಸಿಕೆ, ಮಲೇರಿಯಾ ಮಾತ್ರೆ 15 ಸಾವಿರ. ನೈರೋಬಿಯ ಊಟ, ಸಿಮ್, ನೀರು 20 ಸಾವಿರ.

ಕೂಡಿದರೆ 7 ಲಕ್ಷದ ಮೇಲೆ ಸ್ವಲ್ಪ. ಇದು ನೀವೇ ನೈರೋಬಿಯ ಸಂಸ್ಥೆಯೊಂದರ ಜೊತೆ ನೇರವಾಗಿ ಮಾತಾಡಿದರೆ. ಇಲ್ಲಿಯ ಏಜೆನ್ಸಿಯ ಮೂಲಕ ಹೋದರೆ ಅವರ ಲಾಭ ಮತ್ತು ಜಿಎಸ್‌ಟಿ ಸೇರಿ ಇನ್ನೊಂದು ಲಕ್ಷ ಹಿಡಿಯಿರಿ. ಆಗಲೂ 8 ಲಕ್ಷದ ಆಚೀಚೆ ನಿಲ್ಲುತ್ತದೆ. ಉಳಿದುದನ್ನು ಖರ್ಚಿಗೆ ದಾರಿ ಹುಡುಕದೆ ಹಾಗೆಯೇ ಇಟ್ಟುಕೊಳ್ಳಿ, ಡಾಲರ್ ಏರಿದರೆ ಬೇಕಾಗುತ್ತದೆ. ತೀರಾ ಉಳಿಯಿತು ಎಂದಾದರೆ ಮಾರಾದಲ್ಲಿ ಮೂರನೆಯ ಪೂರ್ಣ ದಿನಕ್ಕೆ ಹಾಕಿ. ಬಲೂನ್ ಸವಾರಿಗೆ ಬೇಡ. ತಲೆಗೆ 450 ಡಾಲರಿನ ಮೇಲಾಗುತ್ತದೆ. ಒಂದು ಗಂಟೆಯ ಹಾರಾಟಕ್ಕೆ ನಾಲ್ವರಿಗೆ 1.6 ಲಕ್ಷ ಕೊಟ್ಟರೆ ಇಡೀ ಮೂರು ರಾತ್ರಿಯ ಕ್ಯಾಂಪಿಗಿಂತ ಹೆಚ್ಚು.

ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೋಗಿಯಂಥ ಖಾಸಗಿ ಕನ್ಸರ್ವೆನ್ಸಿಗಳ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ. ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುವ ವ್ಯವಸ್ಥೆ ಅದು. ಹಾಸಿಗೆಗಳ ಸಂಖ್ಯೆಗೆ ಮಿತಿ, ರಾತ್ರಿ ಸಫಾರಿಗೆ ಅನುಮತಿ, ವಾಹನಗಳ ದಟ್ಟಣೆ ಇಲ್ಲ. ಮನಸ್ಸಿಗೆ ಹಿಡಿಸುವ ಜಾಗಗಳು, ಆದರೆ ಅಲ್ಲಿ ಒಂದು ರಾತ್ರಿಗೆ ತಲೆಗೆ ಬೀಳುವ ದರಕ್ಕೆ ನಿಮ್ಮ ಲೆಕ್ಕ ತಡೆಯುವುದಿಲ್ಲ.

ಅತ್ತೆಯವರ ಪ್ರಯಾಣದ ಬಗ್ಗೆ ಹೆದರಿಕೆ ಬೇಡ. ನೈರೋಬಿಯಿಂದ ನರೋಕ್ ಮೂಲಕ ಸೆಕೆನಾನಿ ದ್ವಾರದ ಕಡೆಗೆ ಈಗ ಡಾಂಬರು ರಸ್ತೆಯಿದೆ, ಐದಾರು ಗಂಟೆ. ಒಳಗಿನ ಹಾದಿಗಳು ಮಾತ್ರ ಮೈ ಕುಲುಕಿಸುತ್ತವೆ. ಚಾಲಕರು ಅದನ್ನು ‘ಆಫ್ರಿಕನ್ ಮಸಾಜ್’ ಎಂದು ನಗುತ್ತಾರೆ, ಬೆನ್ನುನೋವಿನವರಿಗೆ ನಗು ಬರುವುದಿಲ್ಲ. ಅವರನ್ನು ಹಿಂದಿನ ಆಕ್ಸಲಿನ ಮೇಲಿನ ಸೀಟಿನಲ್ಲಿ ಕೂರಿಸಬೇಡಿ. ಬೆಳಿಗ್ಗೆ ಆರಕ್ಕೆ ಚಾವಣಿ ತೆರೆದಾಗ ಚಳಿ ಕೊರೆಯುತ್ತದೆ. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ, ಸ್ವೆಟರ್, ಶಾಲು ಇರಲಿ. ಶಾಕಾಹಾರದ ಚಿಂತೆಯೂ ಬೇಡ. 1896ರಲ್ಲಿ ರೈಲು ಮಾರ್ಗದ ಕೆಲಸ ಶುರುವಾದಾಗಿನಿಂದ ಭಾರತೀಯರು ನೆಲೆಸಿದ ನಾಡು ಅದು. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗುಜರಾತಿ ಊಟ ಧಾರಾಳ, ಕ್ಯಾಂಪಿನವರಿಗೂ ಮೊದಲೇ ತಿಳಿಸಿದರೆ ಬೇಳೆ, ಚಪಾತಿ ಮಾಡಿಕೊಡುತ್ತಾರೆ. ಚಕ್ಕುಲಿ, ಅವಲಕ್ಕಿ ಒಯ್ಯುವುದಿದ್ದರೆ ಡಬ್ಬಿಯಲ್ಲಿ ಒಯ್ಯಿರಿ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, 2020ರಿಂದ ಸಂರಕ್ಷಿತ ಪ್ರದೇಶಗಳಲ್ಲಿ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೂ ನಿಷೇಧ.

ಹಣ ಕಟ್ಟುವಾಗ ಒಂದೆರಡು ಎಚ್ಚರ. ನೈರೋಬಿಯ ಸಂಸ್ಥೆಯಾದರೆ ಕೆನ್ಯಾ ಅಸೋಸಿಯೇಷನ್ ಆಫ್ ಟೂರ್ ಆಪರೇಟರ್ಸ್‌ನ ಸದಸ್ಯರೇ ಎಂದು ಆ ಸಂಘದ ಪಟ್ಟಿಯಲ್ಲೇ ನೋಡಿ, ಅವರು ಕಳಿಸಿದ ಪ್ರಮಾಣಪತ್ರದ ಚಿತ್ರ ಸಾಲದು. ಮುಂಗಡ ಶೇ 30ಕ್ಕಿಂತ ಹೆಚ್ಚು ಕೇಳಿದರೆ ಕಾರಣ ಕೇಳಿ. ಇಲ್ಲಿಯ ಏಜೆನ್ಸಿ ಟಿಸಿಎಸ್ (ಹಣ ಪಡೆಯುವಾಗಲೇ ವಸೂಲು ಮಾಡುವ ತೆರಿಗೆ) ಎಂದು ಸೇರಿಸುವ ಮೊತ್ತ ಖರ್ಚಲ್ಲ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿಯವರೆಗೆ ಹಣ ಸಿಕ್ಕಿಬಿದ್ದಿರುತ್ತದೆ, ಹಾಗಾಗಿ ಕೈಯಲ್ಲಿರುವ 9 ಲಕ್ಷದಲ್ಲಿ ಅದಕ್ಕೂ ಜಾಗ ಬಿಡಿ. ಕ್ರೆಡಿಟ್ ಕಾರ್ಡಿನ ಮೇಲೆ ವಿದೇಶಿ ವಿನಿಮಯದ ಶುಲ್ಕ ಸಾಮಾನ್ಯವಾಗಿ ಶೇ 2ರಿಂದ 3.5. ಟಿಪ್ಸ್‌ಗೆ ಸಣ್ಣ ಮುಖಬೆಲೆಯ, ಹೊಸ ಸರಣಿಯ ಡಾಲರ್ ನೋಟುಗಳಿರಲಿ, ಹರಿದ ಅಥವಾ ಹಳೆಯ ನೋಟನ್ನು ಅಲ್ಲಿ ಮುಟ್ಟುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕೆನ್ಯಾದಿಂದ ಮರಳುವವರು ಭಾರತದ ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಲಸಿಕೆ ಪಡೆದ ಹತ್ತು ದಿನದ ನಂತರ ಊರ್ಜಿತವಾಗುತ್ತದೆ, ಆಮೇಲೆ ಜೀವಮಾನಕ್ಕೆ ಸಾಕು. ಈ ಲಸಿಕೆ ಸರ್ಕಾರ ಮಾನ್ಯ ಮಾಡಿದ ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ, ಸರದಿಗೆ ಮೊದಲೇ ಹೆಸರು ಬರೆಸಬೇಕು. ಅರವತ್ತು ದಾಟಿದವರಲ್ಲಿ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ಅತ್ತೆಯವರು ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿ ಹಿಡಿದು ನಿಮ್ಮ ವೈದ್ಯರನ್ನೂ ಲಸಿಕಾ ಕೇಂದ್ರದ ವೈದ್ಯರನ್ನೂ ಕಾಣಿ. ಅವರು ಒಪ್ಪುವವರೆಗೆ ಯಾವ ಏಜೆನ್ಸಿಗೂ ಮುಂಗಡ ಕಟ್ಟಬೇಡಿ.